ಮಂಡಗದ್ದೆ, ಗುಡವಿ: ಮನೆಮಂದಿಯೆಲ್ಲ ಗೂಡು ನೋಡಲು ಹೋಗುವ ಕ್ರಮ

ಪೆಂಗ್ವಿನ್‌ಗಳು ಸಾವಿರಗಟ್ಟಲೆ ಕಿಕ್ಕಿರಿದು ಸಂಸಾರ ಮಾಡುವುದನ್ನು ಟಿವಿಯಲ್ಲಿ ನೋಡಿದ ಮಕ್ಕಳು ತಮಗೂ ಕಣ್ಣಾರೆ ನೋಡಬೇಕು ಎನ್ನುತ್ತಾರೆ. ಪೆಂಗ್ವಿನ್ನೇ ಬೇಕೆಂದರೆ ಕೇಪ್‌ಟೌನ್‌ವರೆಗೆ ಹೋಗಬೇಕು. ಕಾಡುಹಕ್ಕಿಗಳು ಒತ್ತೊತ್ತಾಗಿ ಗೂಡು ಕಟ್ಟಿ, ಪಕ್ಕದ ಗೂಡಿನ ಕಡ್ಡಿ ಕದ್ದು, ಜಗಳವಾಡಿ, ಮರಿ ಸಾಕುವುದನ್ನು ನೋಡಬೇಕೆಂದರೆ ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಸುಮಾರು 30 ಕಿ.ಮೀ. ಹೋದರೆ ಸಾಕು. ಮಂಡಗದ್ದೆಯಲ್ಲಿ ತುಂಗಾ ಹೊಳೆಯ ನಡುವೆ ಒಂದೂ ಕಾಲು ಎಕರೆಯೂ ಇಲ್ಲದ ನಡುಗಡ್ಡೆ ಇದೆ. ಮಳೆಗಾಲದಲ್ಲಿ ಅಲ್ಲಿನ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಉದ್ದ ತೆಳು ಕುತ್ತಿಗೆಯ ಹಾವಕ್ಕಿಗಳ ಗೂಡು.

ಈ ದಾರಿಯಲ್ಲಿ ಓಡಾಡುವವರೆಲ್ಲ ಅದನ್ನು ನೋಡಿಯೇ ಇರುತ್ತಾರೆ, ಆದರೆ ಐದು ನಿಮಿಷ. ಕಾರು ನಿಲ್ಲಿಸಿ, ಕಂಬಿ ಹಿಡಿದು ನಿಂತು, ‘ಎಷ್ಟೊಂದು ಬೆಳ್ಳಕ್ಕಿ’ ಎಂದು ಒಂದು ಫೋಟೊ ಹೊಡೆದು ಹೊರಟುಬಿಡುತ್ತಾರೆ. ಐದು ನಿಮಿಷದಲ್ಲಿ ಕಾಣುವುದು ಮರದ ಮೇಲಿನ ಬಿಳಿ ಚುಕ್ಕೆಗಳಷ್ಟೆ. ಗೂಡಿನ ಬದುಕು ಕಾಣಬೇಕೆಂದರೆ ಎರಡು ಗಂಟೆ ಒಂದೇ ಕಡೆ ಕೂರಬೇಕು. ಅದೂ ಸರಿಯಾದ ವಾರದಲ್ಲಿ, ಸರಿಯಾದ ಹೊತ್ತಿನಲ್ಲಿ. ಮಕ್ಕಳು, ಅಜ್ಜ ಅಜ್ಜಿ ಎಲ್ಲರನ್ನೂ ಕಟ್ಟಿಕೊಂಡು ಹೋಗಿ ಅಷ್ಟು ಹೊತ್ತು ಬೇಸರವಾಗದಂತೆ ಕೂರಲು ಏನೇನು ಮಾಡಿಕೊಳ್ಳಬೇಕು ಎಂಬುದು ಇಲ್ಲಿದೆ.

ಯಾವ ವಾರ

ಏಪ್ರಿಲ್ ರಜೆಯಲ್ಲಿ ಹೋದರೆ ಖಾಲಿ ಮರ ನೋಡಿ ಬರಬೇಕು. ಹಕ್ಕಿಗಳ ಲೆಕ್ಕ ಶಾಲೆಯ ರಜೆಯದಲ್ಲ, ಮಳೆಯದು. ಮೃಗಶಿರ ಮಳೆ ಬಿದ್ದು ಹಳ್ಳಕೊಳ್ಳದಲ್ಲಿ ಹೊಸನೀರು ಹರಿದಾಗ ಮೀನು ಮೇಲಕ್ಕೆ ಹತ್ತುತ್ತದೆ. ಗದ್ದೆಯಲ್ಲಿ ಕಪ್ಪೆ, ಏಡಿ, ಮೀನಿನ ಮರಿ ತುಂಬುತ್ತವೆ. ಹತ್ತುಮೀನು ಹಿಡಿಯಲು ಊರವರು ಇಳಿಯುವ ದಿನಗಳಲ್ಲೇ ಹಕ್ಕಿಗಳೂ ಜಾಗ ಹಿಡಿಯತೊಡಗುತ್ತವೆ. ಮರಿಗಳ ಹೊಟ್ಟೆಗೆ ಬೇಕಾದ ಆಹಾರ ವರ್ಷದಲ್ಲಿ ಅತಿ ಹೆಚ್ಚು ಸಿಗುವುದು ಈ ಮೂರು ತಿಂಗಳಲ್ಲಿ. ನಡುಗಡ್ಡೆಯನ್ನೇ ಆರಿಸಿಕೊಳ್ಳುವುದಕ್ಕೂ ಕಾರಣವಿದೆ. ಸುತ್ತ ಹೊಳೆ ತುಂಬಿ ಹರಿಯುವಾಗ ಮಂಗ, ಕಾಡುಬೆಕ್ಕು, ಪುನುಗುಬೆಕ್ಕುಗಳಿಗೆ ಮರದ ಬುಡಕ್ಕೆ ಬರಲಾಗುವುದಿಲ್ಲ.

ಮಂಡಗದ್ದೆಯ ಲೆಕ್ಕ ಸುಮಾರಾಗಿ ಹೀಗೆ. ಜೂನ್ ಕೊನೆ, ಅಂದರೆ ಆರಿದ್ರ ಮಳೆಯ ಹೊತ್ತಿಗೆ ಹಕ್ಕಿ ಸೇರುತ್ತವೆ. ಜುಲೈನಲ್ಲಿ ಗೂಡು ಕಟ್ಟುವುದು, ಮೊಟ್ಟೆ, ಕಾವು. ಆಗಸ್ಟ್‌ನಲ್ಲಿ ಗೂಡುಗಳಲ್ಲಿ ಮರಿ. ಸೆಪ್ಟೆಂಬರ್‌ನಲ್ಲಿ ಮರಿಗಳು ಕೊಂಬೆಗೆ ಬಂದು ರೆಕ್ಕೆ ಬಡಿದು ಕಲಿಯುತ್ತವೆ. ಅಕ್ಟೋಬರ್ ಹೊತ್ತಿಗೆ ಹೆಚ್ಚಿನ ಮರ ಬರಿದಾಗುತ್ತದೆ. ಮಳೆ ತಡವಾದ ವರ್ಷ ಇದೆಲ್ಲ ಎರಡು ಮೂರು ವಾರ ತಡವಾಗುತ್ತದೆ. ಎಲ್ಲ ಜೋಡಿಗಳೂ ಒಂದೇ ದಿನ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಆಗಸ್ಟ್‌ನಲ್ಲಿ ಒಂದೇ ಮರದಲ್ಲಿ ಕಾವು ಕೂತ ಹಕ್ಕಿ, ಕಣ್ಣು ಬಿಡದ ಮರಿ, ಅರ್ಧ ಬೆಳೆದ ಮರಿ ಮೂರೂ ಸಿಗುತ್ತವೆ.

ಮಕ್ಕಳಿರುವ ಮನೆಯವರಿಗೆ ನಮ್ಮ ಸಲಹೆ ಆಗಸ್ಟ್ 20ರಿಂದ ಸೆಪ್ಟೆಂಬರ್ 15ರ ನಡುವಿನ ದಿನಗಳು. ಜುಲೈನಲ್ಲಿ ಹಕ್ಕಿ ಬೇಕಾದಷ್ಟಿದ್ದರೂ ಕಾವು ಕೂತ ಹಕ್ಕಿ ಗಂಟೆಗಟ್ಟಲೆ ಅಲುಗುವುದಿಲ್ಲ, ಮಕ್ಕಳಿಗೆ ಬೇಸರ ಬರುತ್ತದೆ. ಆಗಸ್ಟ್ ಮೊದಲ ಪಕ್ಷ ಇನ್ನೂ ತೊಡಕಿನದು. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂಬ ಗಾದೆ ಈ ಹದಿನೈದು ದಿನದ ಮಾತು. ಮಳೆಯ ಪರದೆಯ ಹಿಂದೆ ಏನೂ ಕಾಣುವುದಿಲ್ಲ, ದಂಡೆಯೂ ಜಾರುತ್ತದೆ. ಮಘೆ, ಹುಬ್ಬೆಯ ಹೊತ್ತಿಗೆ ಮಳೆ ಬಿಟ್ಟು ಬಿಟ್ಟು ಬರುತ್ತದೆ, ಮರಿಗಳಿಗೆ ಹಸಿವು ಜಾಸ್ತಿ, ತಂದೆತಾಯಿಗಳ ಓಡಾಟವೂ ಜಾಸ್ತಿ.

ಹೊರಡುವ ಹಿಂದಿನ ದಿನ ಶಿವಮೊಗ್ಗದ ಆಕಾಶ ನೋಡಿ ತೀರ್ಮಾನ ಮಾಡಬೇಡಿ. ಮಂಡಗದ್ದೆಗೆ ಬರುವ ನೀರು ಶೃಂಗೇರಿ, ತೀರ್ಥಹಳ್ಳಿ ಕಡೆಯದು, ಆಗುಂಬೆಯ ಮಳೆಯೂ ಸೇರಿ ಬರುವುದು. ಮೇಲೆ ರಾತ್ರಿ ಜಡಿಮಳೆ ಹೊಡೆದಿದ್ದರೆ ಶಿವಮೊಗ್ಗದಲ್ಲಿ ಬಿಸಿಲಿದ್ದರೂ ಮಂಡಗದ್ದೆಯಲ್ಲಿ ಹೊಳೆ ಕೆಂಪಗೆ ತುಂಬಿರುತ್ತದೆ. ತುಂಬಿದ ಹೊಳೆ ನೋಡುವುದಕ್ಕೆ ಚೆಂದ. ಆದರೆ ಹಾವಕ್ಕಿ, ನೀರುಕಾಗೆಗಳು ನೀರೊಳಗೆ ಕಣ್ಣಿಂದ ನೋಡಿ ಮೀನು ಹಿಡಿಯುವಂಥವು. ಕೆಸರುನೀರಿನಲ್ಲಿ ಅವಕ್ಕೆ ಬೇಟೆ ಕಷ್ಟ. ಕೆರೆ, ಹಿನ್ನೀರಿನ ಮೂಲೆಗಳನ್ನು ಹುಡುಕಿಕೊಂಡು ದೂರ ಹೋಗುತ್ತವೆ, ಗೂಡಿಗೆ ಬರುವುದು ತಡವಾಗುತ್ತದೆ. ಸಾಧ್ಯವಾದರೆ ಒಂದೆರಡು ದಿನ ಬಿಟ್ಟು ನೀರು ತಿಳಿಯಾದ ಮೇಲೆ ಹೋಗಿ. ತೀರ್ಥಹಳ್ಳಿಯಲ್ಲಿ ನೆಂಟರಿದ್ದರೆ ಒಂದು ಫೋನ್ ಮಾಡಿ ಹೊಳೆ ಹೇಗಿದೆ ಎಂದು ಕೇಳಿಕೊಳ್ಳುವುದು ಎಲ್ಲಕ್ಕಿಂತ ಸುಲಭ.

ಯಾವ ಹೊತ್ತು

ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಇಲ್ಲವೆ ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ. ಬೆಳಿಗ್ಗೆ ಮರಿಗೆ ಉಣಿಸುವುದು ಜೋರು, ಗೂಡು ಕಾಯುವ ಪಾಳಿಯೂ ಬದಲಾಗುತ್ತಿರುತ್ತದೆ. ಸಂಜೆ ಗೂಡಿಲ್ಲದ ಹಕ್ಕಿಗಳೂ ತಂಗಲು ಬರುವುದರಿಂದ ಐದೂವರೆಯ ನಂತರ ಸಾಲುಸಾಲಾಗಿ ಇಳಿಯುವುದನ್ನು ನೋಡಬಹುದು. ಹನ್ನೊಂದರಿಂದ ಮೂರರವರೆಗೆ ಹೋಗಿ ಪ್ರಯೋಜನವಿಲ್ಲ. ಭಾನುವಾರಕ್ಕಿಂತ ಶನಿವಾರ ಲೇಸು, ಗದ್ದಲ ಕಡಿಮೆ.

ಬಹಳ ಜನ ಸಕ್ರೆಬೈಲು ಆನೆ ಬಿಡಾರವನ್ನೂ ಇದೇ ದಿನ ಸೇರಿಸುತ್ತಾರೆ. ಅದು ಶಿವಮೊಗ್ಗದಿಂದ ಸುಮಾರು 14 ಕಿ.ಮೀ., ಇದೇ ದಾರಿಯಲ್ಲಿ ಮೊದಲು ಸಿಗುತ್ತದೆ. ಮೊದಲು ಸಿಕ್ಕಿತೆಂದು ಅಲ್ಲಿ ಇಳಿದರೆ ಹಕ್ಕಿಯ ಹೊತ್ತು ಮುಗಿಯಿತು. ಆನೆಗಳನ್ನು ನೋಡಲು ಬಿಡುವುದು ಬೆಳಗಿನ ಹೊತ್ತಿನಲ್ಲಿ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಆದ್ದರಿಂದ ನೇರವಾಗಿ ಮಂಡಗದ್ದೆಗೆ ಹೋಗಿ, ಒಂಬತ್ತಕ್ಕೆ ಎದ್ದು, ವಾಪಸು ಬರುವಾಗ ಸಕ್ರೆಬೈಲಿನಲ್ಲಿ ಇಳಿಯಿರಿ. ಎರಡೂ ದಕ್ಕುತ್ತವೆ. ಶಿವಮೊಗ್ಗ ಬಿಡುವುದು ಆರು ಗಂಟೆಯೊಳಗೆ ಆಗಬೇಕು. ಬಸ್ಸಿನವರಿಗೂ ತೊಂದರೆಯಿಲ್ಲ. ತೀರ್ಥಹಳ್ಳಿ ಬಸ್ಸುಗಳು ಮುಂಜಾನೆಯಿಂದಲೇ ಇವೆ, ಮಂಡಗದ್ದೆಯಲ್ಲಿ ನಿಲ್ಲಿಸಿ ಎಂದು ಕಂಡಕ್ಟರಿಗೆ ಮೊದಲೇ ಹೇಳಿಡಿ. ಹಕ್ಕಿ ಕಾಣುವ ಜಾಗ ಹೆದ್ದಾರಿಗೆ ತಾಗಿಕೊಂಡೇ ಇದೆ. ಇದರಿಂದ ಅಜ್ಜ ಅಜ್ಜಿಗೆ ನಡೆಯುವ ಕಷ್ಟವಿಲ್ಲ, ಆದರೆ ಚಿಕ್ಕ ಮಕ್ಕಳು ರಸ್ತೆಗೆ ಓಡುವ ಭಯವಿದೆ. ಐದು ವರ್ಷದೊಳಗಿನ ಮಗುವಿದ್ದರೆ ಅದರ ಕೈ ಹಿಡಿಯುವುದನ್ನೇ ಕೆಲಸ ಮಾಡಿಕೊಂಡ ದೊಡ್ಡವರೊಬ್ಬರು ಇರಲಿ. ಗಂಟೆಗೊಮ್ಮೆ ಪಾಳಿ ಬದಲಾಯಿಸಿ.

ದುರ್ಬೀನು

ನಡುಗಡ್ಡೆ ದಂಡೆಯಿಂದ ಬರಿಗಣ್ಣಿಗೆ ಕಾಣುವಷ್ಟು ಹತ್ತಿರವೇ. ಆದರೂ ಗೂಡಿನೊಳಗೆ ಏನಾಗುತ್ತಿದೆ ಎಂದು ತಿಳಿಯಲು ದುರ್ಬೀನು ಬೇಕೇ ಬೇಕು. ನಾಲ್ಕು ಜನಕ್ಕೆ ಎರಡಾದರೂ ಇರಲಿ. ಒಂದೇ ಇದ್ದರೆ ಸರದಿಯ ಜಗಳದಲ್ಲೇ ಬೆಳಗು ಕಳೆದುಹೋಗುತ್ತದೆ.

ಕೊಳ್ಳುವವರು 8×42 ಎಂದು ಬರೆದದ್ದನ್ನು ಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಡಿಯ ಅಗಲ ಸಿಗುತ್ತದೆ. 8×42ಕ್ಕೆ ಅದು 5.25 ಮಿ.ಮೀ. ಜಾತ್ರೆಯಲ್ಲಿ ಸಿಗುವ 10×25ರ ಜೇಬಿನ ದುರ್ಬೀನಿಗೆ ಬರೀ 2.5 ಮಿ.ಮೀ. ಬಿಸಿಲಿನಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣದು. ಮಲೆನಾಡಿನ ಮಳೆಗಾಲದ ಬೆಳಿಗ್ಗೆ ಏಳು ಗಂಟೆಗೆ, ಮೋಡ ಮುಚ್ಚಿ ಮರದೊಳಗೆ ನಸುಗತ್ತಲೆ ಇರುವಾಗ, ಚಿಕ್ಕದರಲ್ಲಿ ಕಪ್ಪು ನೀರುಕಾಗೆ ಮರಿ ಕಾಣುವುದೇ ಇಲ್ಲ. ಹತ್ತು ಪಟ್ಟು, ಹನ್ನೆರಡು ಪಟ್ಟು ತೋರಿಸುವ ದುರ್ಬೀನು ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ಕೈ ನಡುಗುವುದೂ ಅಷ್ಟೇ ಪಟ್ಟು ಹೆಚ್ಚುತ್ತದೆ, ನೋಟದ ಅಗಲವೂ ಕಿರಿದಾಗುತ್ತದೆ. ಮಕ್ಕಳಿಗೆ ಅದರಲ್ಲಿ ಗೂಡು ಹುಡುಕುವುದೇ ಆಗುವುದಿಲ್ಲ.

ಮನೆಯಲ್ಲೇ, ಹಿಂದಿನ ಸಂಜೆ, ಒಬ್ಬೊಬ್ಬರಾಗಿ ಇದನ್ನು ಹೊಂದಿಸಿಕೊಳ್ಳಿ. ಮೊದಲು ನಡುವಿನ ಕೀಲು ಮಡಚಿ, ಎರಡು ವೃತ್ತ ಸೇರಿ ಒಂದಾಗಿ ಕಾಣುವಷ್ಟಕ್ಕೆ ತನ್ನಿ. ಮಕ್ಕಳ ಕಣ್ಣುಗಳ ನಡುವಿನ ಅಂತರ ಕಡಿಮೆ. ಪೂರ್ತಿ ಮಡಚಿದರೂ ಎರಡು ವೃತ್ತವೇ ಕಂಡರೆ ಆ ದುರ್ಬೀನು ಆ ಮಗುವಿಗೆ ಆಗುವುದಿಲ್ಲ. ಕನ್ನಡಕ ಹಾಕಿದವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಕೆಳಕ್ಕೆ ತಿರುಗಿಸಿ ಅಥವಾ ಮಡಚಿ, ಕನ್ನಡಕ ತೆಗೆಯದೆ ನೋಡಬೇಕು. ಉಳಿದವರು ಬಟ್ಟಲು ಮೇಲಕ್ಕೆತ್ತಿಕೊಳ್ಳಬೇಕು. ಈಗ ಅಂಗಳದಾಚೆ ಯಾವುದಾದರೂ ಗುರುತು, ಅಡಿಕೆ ಮರದ ಗೊನೆಯಾದರೂ ಸರಿ, ಆರಿಸಿ. ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುವಿನ ಚಕ್ರ ತಿರುಗಿಸಿ. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಕಡೆಯ ಉಂಗುರ ತಿರುಗಿಸಿ ಸ್ಪಷ್ಟ ಮಾಡಿ. ಆ ಉಂಗುರ ನಿಂತ ಗುರುತನ್ನು ನೆನಪಿಡಿ. ನಂತರ ಬಳಸುವುದೆಲ್ಲ ನಡುವಿನ ಚಕ್ರ ಒಂದನ್ನೇ. ‘ನನಗೆ ಮಸುಕು, ತಲೆನೋವು’ ಎಂದು ದುರ್ಬೀನು ಕೆಳಗಿಡುವವರಲ್ಲಿ ಹೆಚ್ಚಿನವರು ಈ ಉಂಗುರವನ್ನು ಮುಟ್ಟಿಯೇ ಇರುವುದಿಲ್ಲ.

ಮೊದಲು ದುರ್ಬೀನು ಕಣ್ಣಿಗಿಟ್ಟು ಆಮೇಲೆ ಹಕ್ಕಿ ಹುಡುಕಬಾರದು. ಬರಿಗಣ್ಣಿಂದ ಗೂಡನ್ನು ದಿಟ್ಟಿಸುತ್ತಾ, ನೋಟ ಕದಲಿಸದೆ, ದುರ್ಬೀನನ್ನು ಕಣ್ಣಿಗೆ ತರಬೇಕು. ಮಕ್ಕಳಿಗೆ ಇದನ್ನು ಮನೆಯ ಅಂಗಳದಲ್ಲೇ ಹತ್ತು ಸಲ ಮಾಡಿಸಿ. ಕಾರಿನಲ್ಲಿ ಎಸಿ ಹಾಕಿಕೊಂಡು ಹೋದರೆ ಇಳಿದ ಕೂಡಲೇ ಗಾಜಿನ ಮೇಲೆ ಮಂಜು ಕೂರುತ್ತದೆ. ಕೊನೆಯ ಹತ್ತು ನಿಮಿಷ ಎಸಿ ಆರಿಸಿ ಕಿಟಕಿ ತೆರೆಯಿರಿ. ಒರೆಸಲು ಕನ್ನಡಕದ ಬಟ್ಟೆಯೇ ಇರಲಿ. ಸೀರೆಯ ಸೆರಗು, ಲುಂಗಿಯ ಅಂಚಿನಲ್ಲಿ ಒರೆಸಿದರೆ ಗಾಜಿನ ಲೇಪ ಗೀಚಿಹೋಗುತ್ತದೆ.

ಚೀಲಕ್ಕೆ ಏನು

ನಡೆದಾಟ ಇಲ್ಲದ್ದರಿಂದ ಹೊರೆ ಹೆಚ್ಚಾದರೂ ನಡೆಯುತ್ತದೆ. ಮಡಚುವ ಕುರ್ಚಿ ಅಥವಾ ಮಣೆ, ಒಬ್ಬರಿಗೊಂದು ಕೊಡೆ ಅಥವಾ ರೇನ್‌ಕೋಟ್, ಕೆಳಗೆ ಹಾಸಲು ಟಾರ್ಪಾಲಿನ್ ತುಂಡು, ಒಣ ಟವೆಲ್ಲು, ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ. ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ತನ್ನಿ. ಅಕ್ಕಿರೊಟ್ಟಿ, ಕೊಟ್ಟೆಕಡುಬಿನಂಥ ಸದ್ದಿಲ್ಲದ ತಿಂಡಿ ಒಳ್ಳೆಯದು. ಚಿಪ್ಸ್ ಪೊಟ್ಟಣದ ಪರಪರ ಸದ್ದು ಎಲ್ಲರ ಗಮನ ಕೆಡಿಸುತ್ತದೆ, ಮಂಗಗಳನ್ನೂ ಕರೆಯುತ್ತದೆ. ಫ್ಲಾಸ್ಕಿನಲ್ಲಿ ಕಷಾಯ ಇದ್ದರೆ ಅಜ್ಜಿ ಎರಡು ಗಂಟೆ ಆರಾಮಾಗಿ ಕೂರುತ್ತಾರೆ. ಶೌಚಾಲಯ ಅಲ್ಲೇ ಸಿಗುತ್ತದೆಂದು ನೆಚ್ಚಿಕೊಳ್ಳದೆ ಶಿವಮೊಗ್ಗದಲ್ಲೇ ಮುಗಿಸಿಕೊಂಡು ಹೊರಡಿ.

ಒಬ್ಬರಿಗೊಂದು ಗೂಡು

ಇಡೀ ಪ್ರವಾಸದ ಜೀವ ಇರುವುದು ಇಲ್ಲಿ. ದಂಡೆಗೆ ಬಂದ ಮೊದಲ ಹತ್ತು ನಿಮಿಷ ಎಲ್ಲರೂ ಸುಮ್ಮನೆ ಒಟ್ಟು ಮರಗಳನ್ನು ನೋಡಿ. ಸದ್ದಿಗೂ ವಾಸನೆಗೂ ಒಗ್ಗಿಕೊಳ್ಳಿ. ಹಿಕ್ಕೆ, ಬಿದ್ದು ಕೊಳೆತ ಮೀನು ಸೇರಿ ಗಾಳಿ ಬೀಸಿದಾಗ ಮೂಗು ಮುಚ್ಚುವಂತಿರುತ್ತದೆ, ಮಕ್ಕಳಿಗೆ ಮೊದಲೇ ಹೇಳಿಡಿ. ಆಮೇಲೆ ಪ್ರತಿಯೊಬ್ಬರೂ ಒಂದೊಂದು ಗೂಡು ಆರಿಸಿಕೊಳ್ಳಬೇಕು. ಎಲೆ ಮರೆಯಿಲ್ಲದ, ದಂಡೆಯ ಕಡೆಗೆ ಮುಖ ಮಾಡಿದ, ಮರಿ ಇರುವ ಗೂಡಾದರೆ ಒಳ್ಳೆಯದು. ಮರಿ ಇದೆಯೇ ಎಂದು ತಿಳಿಯಲು ಗೂಡಿನ ಅಂಚು ನೋಡಿ. ಮರಿ ಇರುವ ಗೂಡಿನ ಅಂಚು, ಕೆಳಗಿನ ಎಲೆಗಳೆಲ್ಲ ಹಿಕ್ಕೆಯಿಂದ ಬೆಳ್ಳಗಾಗಿರುತ್ತವೆ. ಕಾವು ಕೂತ ಗೂಡು ಅಷ್ಟು ಗಲೀಜಾಗಿರುವುದಿಲ್ಲ.

ಆರಿಸಿದ ಗೂಡಿನ ಗುರುತನ್ನು ಪುಸ್ತಕದಲ್ಲಿ ಬರೆದುಕೊಳ್ಳಿ: ‘ಎಡಗಡೆ ಮರ, ಒಣಕೊಂಬೆಯ ಕೆಳಗೆ ಎರಡನೆಯದು.’ ಇಲ್ಲದಿದ್ದರೆ ಒಂದು ಸಲ ಕಣ್ಣು ತಪ್ಪಿದರೆ ಮತ್ತೆ ಅದೇ ಗೂಡು ಸಿಗುವುದಿಲ್ಲ. ಇನ್ನು ಬರೆಯಬೇಕಾದ್ದು ನಾಲ್ಕೇ ಸಂಗತಿ. ದೊಡ್ಡ ಹಕ್ಕಿ ಬಂದ ಹೊತ್ತು, ಹೋದ ಹೊತ್ತು, ತಂದದ್ದು ಕಡ್ಡಿಯೋ ಆಹಾರವೋ, ಯಾವ ಮರಿಗೆ ಸಿಕ್ಕಿತು. ಎಂಟು ವರ್ಷದ ಮಗು ಕೂಡ ಇದನ್ನು ಮಾಡುತ್ತದೆ, ಕೆಲಸ ಕೊಟ್ಟ ಮೇಲೆ ಎದ್ದು ಓಡುವುದಿಲ್ಲ. ಅಜ್ಜನಿಗೆ ದುರ್ಬೀನು ಹಿಡಿಯಲು ಕೈ ನಡುಗುವಂತಿದ್ದರೆ ಅವರಿಗೆ ಲೆಕ್ಕದ ಕೆಲಸ ಕೊಡಿ: ಹತ್ತು ನಿಮಿಷದಲ್ಲಿ ನಡುಗಡ್ಡೆಗೆ ಬಂದು ಇಳಿದ ಹಕ್ಕಿಗಳೆಷ್ಟು.

ಬೆಳ್ಳಕ್ಕಿ ಗೂಡಿನಲ್ಲಿ ನೋಡಬೇಕಾದ್ದು ಉಣಿಸುವ ಗಳಿಗೆ. ತಾಯಿಯೋ ತಂದೆಯೋ ಗೂಡಿನ ಅಂಚಿಗೆ ಬಂದಿಳಿದ ಕೂಡಲೇ ಮರಿ ಕುತ್ತಿಗೆ ಚಾಚಿ, ದೊಡ್ಡ ಹಕ್ಕಿಯ ಕೊಕ್ಕನ್ನು ಅಡ್ಡಡ್ಡ ಕಚ್ಚಿ ಕೆಳಕ್ಕೆ ಜಗ್ಗುತ್ತದೆ. ಆ ಜಗ್ಗುವಿಕೆಯಿಂದಲೇ ನುಂಗಿ ತಂದದ್ದು ಬಾಯಿಗೆ ಬರುವುದು. ನೀರುಕಾಗೆ, ಹಾವಕ್ಕಿಗಳಲ್ಲಿ ಬೇರೆಯೇ ಕ್ರಮ. ಮರಿ ತನ್ನ ತಲೆಯನ್ನೇ ದೊಡ್ಡ ಹಕ್ಕಿಯ ಗಂಟಲೊಳಗೆ ತೂರಿಸಿ ತಿನ್ನುತ್ತದೆ. ಮೊದಲ ಸಲ ನೋಡುವ ಮಕ್ಕಳು ಮರಿಯನ್ನೇ ನುಂಗುತ್ತಿದೆ ಎಂದು ಹೆದರುತ್ತಾರೆ.

ಒಂದೇ ಗೂಡಿನ ಮರಿಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಇರುವುದನ್ನು ಮಕ್ಕಳು ತಾವಾಗಿಯೇ ಗಮನಿಸುತ್ತಾರೆ. ಕಾರಣ ಹೇಳಿ: ಈ ಹಕ್ಕಿಗಳು ಮೊಟ್ಟೆಗಳನ್ನು ಒಂದೆರಡು ದಿನಕ್ಕೊಂದರಂತೆ ಇಡುತ್ತವೆ, ಎಲ್ಲ ಮುಗಿಯುವ ಮೊದಲೇ ಕಾವಿಗೆ ಕೂತುಬಿಡುತ್ತವೆ. ಮೊದಲ ಮೊಟ್ಟೆ ಮೊದಲು ಒಡೆಯುತ್ತದೆ. ಕೊನೆಯ ಮರಿ ಹೊರಬರುವಾಗ ಅಣ್ಣ ಆಗಲೇ ಬಲಿತಿರುತ್ತಾನೆ, ತಂದದ್ದನ್ನು ಮೊದಲು ಕಸಿಯುತ್ತಾನೆ, ತಮ್ಮನನ್ನು ಕುಕ್ಕುವುದೂ ಉಂಟು. ಮೀನು ಹೇರಳವಾದ ವರ್ಷ ಎಲ್ಲವೂ ಬದುಕುತ್ತವೆ, ಕಡಿಮೆಯಾದ ವರ್ಷ ಕಿರಿಯದು ಸಾಯುತ್ತದೆ. ಮಗು ಕೇಳಿದರೆ ಇದನ್ನು ಮುಚ್ಚಿಡಬೇಡಿ. ಹಸಿದ ಎಲ್ಲ ಮರಿಗಳಿಗೂ ಸಮನಾಗಿ ಹಂಚಿದರೆ ಕೆಟ್ಟ ವರ್ಷ ಒಂದೂ ಉಳಿಯದೆ ಹೋಗಬಹುದು ಎಂಬುದನ್ನೂ ಜೊತೆಗೆ ಹೇಳಿ.

ಹಕ್ಕಿ ಗೂಡು ಬಿಟ್ಟು ಹೋದಾಗ ಪಕ್ಕದ ಗೂಡಿನವರು ಏನು ಮಾಡುತ್ತಾರೆ ಎಂದೂ ನೋಡಿ. ಕಾವಲಿಲ್ಲದ ಗೂಡಿನ ಕಡ್ಡಿ ಎಳೆದೊಯ್ಯುವುದು ಇಲ್ಲಿ ದಿನನಿತ್ಯದ ಸಂಗತಿ. ಪಾಳಿ ಬದಲಾಯಿಸಲು ಬರುವ ಹಕ್ಕಿ ಕೊಕ್ಕಿನಲ್ಲಿ ಹಸಿರು ಕಡ್ಡಿ ಹಿಡಿದು ಬರುವುದು, ಕೂತದ್ದು ಅದನ್ನು ಇಸಿದುಕೊಂಡು ಗೂಡಿಗೆ ಸಿಕ್ಕಿಸುವುದು ಸಾಮಾನ್ಯ. ಬಿಸಿಲು ಬಂದಾಗ ನೀರುಕಾಗೆ, ಹಾವಕ್ಕಿಗಳ ಗಂಟಲು ಪಟಪಟ ಅದುರುವುದು ಕಾಣುತ್ತದೆ. ಬೆವರಲಾರದ ಹಕ್ಕಿ ಮೈಯ ಶಾಖ ಕಳೆಯುವ ಬಗೆ ಅದು. ಬಿಸಿಲಿಗೆ ಬೆನ್ನು ಕೊಟ್ಟು ರೆಕ್ಕೆ ಅರ್ಧ ಬಿಚ್ಚಿ ನಿಂತ ಹಕ್ಕಿಯ ಕೆಳಗೆ ನೋಡಿದರೆ ನೆರಳಿನಲ್ಲಿ ಮರಿಗಳಿರುತ್ತವೆ.

ಯಾವುದು ಯಾವುದು

ಮೂರು ಬಗೆ ಗೊತ್ತಾದರೆ ಮಂಡಗದ್ದೆಯ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಪೂರ್ತಿ ಕಪ್ಪು, ಗಿಡ್ಡ ಕುತ್ತಿಗೆ, ಕಾಗೆಗಿಂತ ತುಸು ದೊಡ್ಡದು, ಕೊಕ್ಕಿನ ತುದಿ ಕೊಕ್ಕೆಯಾಗಿ ಬಾಗಿದ್ದರೆ ಅದು ಕಿರು ನೀರುಕಾಗೆ. ಅದರ ಸುಮಾರು ಎರಡು ಪಟ್ಟು ಉದ್ದ, ಕಂದು ಬಣ್ಣದ ತೆಳು ಕುತ್ತಿಗೆ, ಬೆನ್ನ ಮೇಲೆ ಬೆಳ್ಳಿ ಗೀರು, ನೆಟ್ಟಗಿನ ಚೂಪು ಕೊಕ್ಕು ಇದ್ದರೆ ಹಾವಕ್ಕಿ. ಹಾವಕ್ಕಿ ಈಜುವಾಗ ಮೈ ಪೂರ್ತಿ ಮುಳುಗಿ ಕುತ್ತಿಗೆ ಮಾತ್ರ ಮೇಲಿರುತ್ತದೆ. ನೀರೊಳಗೆ ಮೀನಿನ ಪಕ್ಕೆಗೆ ಕೊಕ್ಕು ಚುಚ್ಚಿ, ಮೇಲೆ ಬಂದು ಮೀನನ್ನು ಎಸೆದು ಹಿಡಿದು, ತಲೆಯ ಕಡೆಯಿಂದ ನುಂಗುತ್ತದೆ. ಎರಡರ ಗರಿಯೂ ನೀರು ಹೀರುತ್ತದೆ. ಮುಳುಗಲು ಅದರಿಂದ ಅನುಕೂಲ, ಆದರೆ ಮೇಲೆ ಬಂದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳಲೇಬೇಕು. ಮರಿಗಳನ್ನು ಗುರುತಿಸುವುದು ಇನ್ನೂ ಸುಲಭ: ನೀರುಕಾಗೆ ಮರಿಗೆ ಕಪ್ಪು ತುಪ್ಪುಳ, ಹಾವಕ್ಕಿ ಮರಿಗೆ ಬಿಳಿ ತುಪ್ಪುಳ.

ಬೆಳ್ಳಕ್ಕಿಗಳಲ್ಲಿ ಗೊಂದಲ ಇದ್ದೇ ಇರುತ್ತದೆ. ಕಪ್ಪು ಕಾಲಿಗೆ ಹಳದಿ ಪಾದ ಇದ್ದರೆ ಕಿರು ಬೆಳ್ಳಕ್ಕಿ. ಪಾದವೂ ಕಪ್ಪಾಗಿದ್ದರೆ ಮಧ್ಯಮ ಅಥವಾ ದೊಡ್ಡ ಬೆಳ್ಳಕ್ಕಿ. ಬಾಯಿಯ ಗೆರೆ ಕಣ್ಣಿನ ಕೆಳಗೇ ನಿಂತರೆ ಮಧ್ಯಮ, ಕಣ್ಣು ದಾಟಿ ಹಿಂದಕ್ಕೆ ಹೋದರೆ ದೊಡ್ಡದು. ಕೊಕ್ಕಿನ ಬಣ್ಣ ನಂಬಬೇಡಿ, ಬೇರೆ ದಿನಗಳಲ್ಲಿ ಹಳದಿ ಇರುವ ಇವುಗಳ ಕೊಕ್ಕು ಗೂಡಿನ ಕಾಲದಲ್ಲಿ ಕಪ್ಪಾಗುತ್ತದೆ. ಬೆನ್ನಿನಿಂದ ಇಳಿಬಿದ್ದ ಎಳೆಎಳೆ ಗರಿಯೂ ಈ ದಿನಗಳಲ್ಲಿ ಮಾತ್ರ.

ದೂರ ಮತ್ತು ಸದ್ದು

ನಡುವೆ ಹೊಳೆ ಇರುವುದರಿಂದ ದಂಡೆಯ ಜನಕ್ಕೆ, ಲಾರಿ ಬಸ್ಸಿನ ಸದ್ದಿಗೆ ಈ ಹಕ್ಕಿಗಳು ಒಗ್ಗಿಕೊಂಡಿವೆ. ಒಗ್ಗದಿರುವುದು ಹಠಾತ್ತಾಗಿ ಆಗುವುದಕ್ಕೆ: ಚಪ್ಪಾಳೆ, ಶಿಳ್ಳೆ, ಕಲ್ಲು, ಪಟ್ಟನೆ ಬಿಚ್ಚುವ ಕೊಡೆ. ಕೊಡೆಯನ್ನು ಕಾರಿನ ಹತ್ತಿರವೇ ಬಿಚ್ಚಿಕೊಂಡು ಬನ್ನಿ. ತೆಪ್ಪ, ದೋಣಿಯಲ್ಲಿ ನಡುಗಡ್ಡೆಯ ಹತ್ತಿರ ಹೋಗುವ ಯೋಚನೆ ಬೇಡವೇ ಬೇಡ. ಹೊಳೆಯ ಸೆಳವು ಜೀವಕ್ಕೆ ಅಪಾಯ, ಗೂಡುಗಳಿಗೂ ಅಪಾಯ. ದೊಡ್ಡ ಹಕ್ಕಿಗಳು ಒಮ್ಮೆಲೇ ಎದ್ದುಹೋದರೆ ಕಾಯುತ್ತಿರುವ ಕಾಗೆ, ಹದ್ದುಗಳು ಎರಡೇ ನಿಮಿಷದಲ್ಲಿ ಮೊಟ್ಟೆ ಎತ್ತುತ್ತವೆ. ತುಪ್ಪುಳ ಬಾರದ ಮರಿ ಮಳೆಗೆ ನೆನೆದರೆ ಚಳಿಗೇ ಸಾಯುತ್ತದೆ. ಗಾಬರಿಯಾದ ದೊಡ್ಡ ಮರಿ ಕೊಂಬೆಯಿಂದ ಜಾರಿ ಹೊಳೆ ಪಾಲಾಗುತ್ತದೆ.

ಹಾರುವ ಮೊದಲು ಹಕ್ಕಿ ಸೂಚನೆ ಕೊಡುತ್ತದೆ. ಅವುಗಳ ಗದ್ದಲ ತಟ್ಟನೆ ತಗ್ಗಿ, ಹತ್ತಾರು ಕುತ್ತಿಗೆ ಒಟ್ಟಿಗೆ ನೆಟ್ಟಗಾಗಿ, ಎಲ್ಲವೂ ಒಂದೇ ದಿಕ್ಕಿಗೆ ತಿರುಗಿದರೆ ತಡಮಾಡದೆ ಹಿಂದೆ ಸರಿದು ಕೂತುಬಿಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಡ್ರೋನ್ ಹಾರಿಸುವುದು ಎರಡೂ ಕೂಡದು. ಗೂಡು, ಮೊಟ್ಟೆ ಮುಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಫೋಟೊ ತೆಗೆಯುವವರಿಗೆ ಒಂದೇ ಮಾತು. ಕಡುಹಸಿರು ಮರದ ಮುಂದೆ ಬಿಳಿ ಹಕ್ಕಿ ಇದ್ದಾಗ ಕ್ಯಾಮೆರಾ ಬೆಳಕು ಹೆಚ್ಚು ಬಿಡುತ್ತದೆ, ಗರಿಯ ಎಳೆಗಳೆಲ್ಲ ಸುಟ್ಟು ಬರೀ ಬಿಳಿ ತೇಪೆ ಬರುತ್ತದೆ. ಮೊಬೈಲಿನಲ್ಲಾದರೆ ಹಕ್ಕಿಯ ಮೇಲೆ ಬೆರಳಿಟ್ಟು ಬೆಳಕಿನ ಗೆರೆಯನ್ನು ಕೆಳಕ್ಕೆಳೆಯಿರಿ. ಕ್ಯಾಮೆರಾದಲ್ಲಿ ಎಕ್ಸ್‌ಪೋಶರ್ ಒಂದು ಸ್ಟಾಪ್‌ವರೆಗೆ ಇಳಿಸಿ. ಫ್ಲ್ಯಾಶ್ ಬೇಡ.

ಗುಡವಿಗೆ ಹೋಗುವವರು

ಆಗಸ್ಟ್ ತಪ್ಪಿಹೋಯಿತು, ದಸರಾ ರಜೆಯಲ್ಲೇ ಆಗುವುದು ಎನ್ನುವವರಿಗೆ ಸೊರಬ ತಾಲ್ಲೂಕಿನ ಗುಡವಿ ಇದೆ. ಸೊರಬದಿಂದ ಸುಮಾರು 16 ಕಿ.ಮೀ. ಅದು ಹೊಳೆಯಲ್ಲ, ಕೆರೆ. ನೀರಿನಲ್ಲಿ ನಿಂತ ಮರಗಳಲ್ಲಿ ಗೂಡು. ಇಲ್ಲಿನ ಹಂಗಾಮು ಜೂನ್‌ನಿಂದ ಡಿಸೆಂಬರ್‌ವರೆಗೆ ಎಳೆಯುವುದರಿಂದ ಅಕ್ಟೋಬರ್‌ನಲ್ಲೂ ಹಕ್ಕಿ ಸಿಗುತ್ತವೆ. ಕೆಂಬರಲು ಇಲ್ಲಿಯ ಮುಖ್ಯ ಹಕ್ಕಿ: ಬಿಳಿ ಮೈ, ಗರಿಯಿಲ್ಲದ ಕಪ್ಪು ತಲೆ ಮತ್ತು ಕುತ್ತಿಗೆ, ಕೆಳಕ್ಕೆ ಬಾಗಿದ ಉದ್ದ ಕೊಕ್ಕು. ಮರದಿಂದ ಕಣ್ಣು ಕೆಳಗಿಳಿಸಿದರೆ ನೀರಿನ ಮೇಲೆ ಜಂಬುಕೋಳಿ, ಎಲೆಗಳ ಮೇಲೆ ನಡೆಯುವ ದೇವನಕ್ಕಿ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೂ ಹೋಗಬಹುದು, ಸಾಗರದ ಮೇಲೂ ಹೋಗಬಹುದು. ಹೇಗೆ ಹೋದರೂ ಎರಡೂವರೆ ಗಂಟೆ ಹಿಡಿಯುತ್ತದೆ, ಆದ್ದರಿಂದ ಹಿಂದಿನ ರಾತ್ರಿ ಸೊರಬದಲ್ಲೋ ಸಾಗರದಲ್ಲೋ ಉಳಿಯುವುದು ಜಾಣತನ. ಬನವಾಸಿಯೂ ಹತ್ತಿರ, ಮಧ್ಯಾಹ್ನದ ಹೊತ್ತನ್ನು ಅಲ್ಲಿನ ಮಧುಕೇಶ್ವರ ದೇವಸ್ಥಾನಕ್ಕೆ ಇಟ್ಟುಕೊಳ್ಳಿ.

ಗುಡವಿಯಲ್ಲಿ ನಡೆಯುವ ದಾರಿ ಇದೆ, ವೀಕ್ಷಣಾ ಗೋಪುರ ಇದೆ. ಮಳೆಗಾಲದಲ್ಲಿ ಇಂಬಳವೂ ಇರುತ್ತದೆ. ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಂಡು ಅದಕ್ಕೆ ಹೊಗೆಸೊಪ್ಪು ನೆನೆಸಿದ ನೀರನ್ನೋ ಉಪ್ಪುನೀರನ್ನೋ ಸವರಿ. ದಾರಿ ಬಿಟ್ಟು ಮರದಡಿಗೆ ಇಳಿಯಬೇಡಿ. ಬಿದ್ದ ಮರಿ ಕಂಡರೆ ಎತ್ತಿಕೊಳ್ಳಬೇಡಿ, ಅರಣ್ಯ ಇಲಾಖೆಯ ಸಿಬ್ಬಂದಿಗೆ ತಿಳಿಸಿ. ಹೆದರಿದ ಮರಿ ಮೊದಲು ತಿಂದ ಮೀನನ್ನು ಕಕ್ಕುತ್ತದೆ, ಮರುಗಳಿಗೆ ಹೊಳೆಯುವುದಕ್ಕೆ ಗುರಿಯಿಟ್ಟು ಚುಚ್ಚುತ್ತದೆ. ಬಗ್ಗಿ ನೋಡುವ ಮಗುವಿನ ಕಣ್ಣೇ ಅದಕ್ಕೆ ಸಿಗುವುದು.

ನವೆಂಬರ್ ದಾಟಿದ ಮೇಲೆ ಹೋಗುವವರು ಮಂಗನ ಕಾಯಿಲೆಯನ್ನು ಮರೆಯುವಂತಿಲ್ಲ. 1957ರಲ್ಲಿ ಈ ರೋಗ ಮೊದಲು ಗುರುತಾದದ್ದು ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಹೆಚ್ಚಾಗಿ ಚಳಿಗಾಲದಿಂದ ಬೇಸಗೆಯವರೆಗೆ. ತರಗೆಲೆಯ ಮೇಲೆ ಕೂರಬೇಡಿ, ಕಾಡಿನೊಳಗೆ ಊಟಕ್ಕೆ ಹಾಸಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ಹೇಳಿ. ವಾಪಸಾದ ಕೂಡಲೇ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮಕ್ಕಳ ಕಿವಿಯ ಹಿಂದೆ, ಕಂಕುಳು, ತೊಡೆಸಂದಿ ನೋಡಿ. ಎರಡು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಸೊರಬದ ಕಾಡಿನ ಕಡೆ ಹೋಗಿದ್ದೆವು ಎಂದು ಬಾಯಿಬಿಟ್ಟು ಹೇಳಿ.

ದುರ್ಬೀನನ್ನು ಒದ್ದೆಯಾಗಿಯೇ ಚೀಲದಲ್ಲಿ ಮುಚ್ಚಿಟ್ಟರೆ ಮಲೆನಾಡಿನ ಮಳೆಗಾಲದಲ್ಲಿ ಕೆಲವೇ ವಾರಕ್ಕೆ ಗಾಜಿಗೆ ಬೂಸಲು ಹಿಡಿಯುತ್ತದೆ. ಹಿಡಿದದ್ದು ಒಳಗಿನ ಗಾಜಿಗಾದರೆ ಒರೆಸಿ ತೆಗೆಯಲಾಗದು. ಒಂದು ರಾತ್ರಿ ಫ್ಯಾನಿನ ಕೆಳಗೆ ಬಿಚ್ಚಿಟ್ಟು, ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಜೆಲ್ ಕಾಳು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.